ಬಲ್ಲವರ ಪತ್ರ: ಶಿಫಾರಸಿನ ಅರ್ಥ ಮತ್ತು ಹೊಣೆ



ಈ ದತ್ತಿ ಉಪನ್ಯಾಸವನ್ನು ಸ್ಥಾಪಿಸಿದವರು ಒಬ್ಬ ಅಧ್ಯಾಪಕರ ಹಳೆಯ ವಿದ್ಯಾರ್ಥಿಗಳು. ಅವರಲ್ಲಿ ಹಲವರು ಆ ಗುರುಗಳು ಬರೆದುಕೊಟ್ಟ ಒಂದು ಪತ್ರವನ್ನು ಹಿಡಿದೇ ಓದಿಗೋ ಕೆಲಸಕ್ಕೋ ಊರು ಬಿಟ್ಟವರು ಎಂದು ಸಂಘಟಕರಿಂದ ತಿಳಿಯಿತು. ಇವತ್ತು ಯಾವ ವಿಷಯ ಮಾತಾಡಬೇಕು ಎಂಬ ಪ್ರಶ್ನೆ ಅಲ್ಲಿಗೆ ಬಗೆಹರಿಯಿತು. ಒಬ್ಬರ ಯೋಗ್ಯತೆಯ ಬಗ್ಗೆ ಇನ್ನೊಬ್ಬರು ಬರೆದುಕೊಡುವ ನಾಲ್ಕು ಸಾಲು, ಅದರ ಹಿಂದಿರುವ ನಂಬಿಕೆ, ಅದನ್ನು ಬರೆಯುವವರ ಹೊಣೆ ಇವುಗಳನ್ನು ಕುರಿತು ನನಗೆ ತೋರಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಶಿಫಾರಸಿಗೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ಸೀಟು ಸಿಗದವನು, ವರ್ಗಾವಣೆ ಆಗದವಳು, ಸಂದರ್ಶನದಲ್ಲಿ ಹಿಂದೆ ಬಿದ್ದವರು ಎಲ್ಲರೂ ಒಂದೇ ಮಾತು ಹೇಳುತ್ತಾರೆ: ನಮಗೆ ಹೇಳಿಸುವವರು ಯಾರೂ ಇರಲಿಲ್ಲ. ಆ ನೋವು ನಿಜವಾದದ್ದು. ಶಾಸಕರ ಲೆಟರ್‌ಹೆಡ್ಡಿನ ಮೇಲೆ, ಹೆಸರಿನ ಜಾಗ ಮಾತ್ರ ಬದಲಾಗುವ ಪತ್ರಗಳು ದಿನವೂ ಹೊರಡುತ್ತವೆ. ಇನ್ನೊಂದು ಕಡೆ ಶಾಲೆ ಬಿಡುವಾಗ ಕೊಡುವ ಪ್ರಮಾಣಪತ್ರದಲ್ಲಿ ‘ನಡತೆ’ ಎಂಬ ಕಾಲಂ ಇದೆ. ಅಲ್ಲಿ ಎಲ್ಲರಿಗೂ ‘ಉತ್ತಮ’ ಎಂದೇ ಬರೆಯುತ್ತಾರೆ. ಮೊದಲನೆಯದರಲ್ಲಿ ಬರೆದವನಿಗೆ ಆ ವ್ಯಕ್ತಿ ಗೊತ್ತಿಲ್ಲ. ಎರಡನೆಯದರಲ್ಲಿ ಗೊತ್ತಿದ್ದರೂ ಅದನ್ನು ಹೇಳುವ ಗೋಜಿಗೆ ಯಾರೂ ಹೋಗಿಲ್ಲ. ಇವೆರಡನ್ನೂ ನೋಡಿ ನೋಡಿ, ಶಿಫಾರಸು ಎಂಬುದೇ ಹುಸಿ ಎಂದು ತೀರ್ಮಾನಿಸಿದವರು ಬಹಳ ಮಂದಿ. ಆ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಒಪ್ಪದಿರಲು ನನಗೆ ಬಲವಾದ ಕಾರಣ ಕೊಡುವುದು ನೂರು ವರ್ಷಕ್ಕೂ ಹಿಂದಿನ ಮದರಾಸಿನ ಕೆಲವು ಕಾಗದಪತ್ರಗಳು.

ಅಲ್ಲಿಗೆ ಹೋಗುವ ಮುನ್ನ ನಮ್ಮ ಹಳೆಯ ಚಿಂತನೆಯಲ್ಲಿರುವ ಒಂದು ಸಂಗತಿಯನ್ನು ನೆನಪಿಸುತ್ತೇನೆ. ನ್ಯಾಯದರ್ಶನ ಜ್ಞಾನಕ್ಕೆ ಒಪ್ಪುವ ಪ್ರಮಾಣಗಳು ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಶಬ್ದ ಎಂದರೆ ಆಪ್ತನ ಮಾತು. ಹಾಗಾದರೆ ಆಪ್ತ ಯಾರು? ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನನ ಉತ್ತರ ಬಹಳ ನೇರವಾಗಿದೆ. ವಿಷಯವನ್ನು ತಾನೇ ಕಂಡು ತಿಳಿದವನು, ಕಂಡದ್ದನ್ನು ಕಂಡಹಾಗೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದೂ ಅವನು ಸೇರಿಸುತ್ತಾನೆ. ಕುಲ, ಪದವಿ, ಅಧಿಕಾರ ಯಾವುದೂ ಒಬ್ಬನ ಮಾತನ್ನು ಪ್ರಮಾಣವಾಗಿಸುವುದಿಲ್ಲ. ನಮ್ಮ ನ್ಯಾಯಾಲಯಗಳೂ ಇದೇ ದಾರಿಯಲ್ಲಿ ನಡೆಯುತ್ತವೆ. ಕಂಡ ಸಂಗತಿಗೆ ಕಂಡವನೇ ಬಂದು ಸಾಕ್ಷಿ ಹೇಳಬೇಕು ಎಂದು 1872ರ ಸಾಕ್ಷ್ಯ ಕಾಯ್ದೆ ವಿಧಿಸಿತ್ತು. ಅದರ ಜಾಗಕ್ಕೆ ಬಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾಯ್ದೆಯೂ ಆ ನಿಯಮವನ್ನು ಉಳಿಸಿಕೊಂಡಿದೆ. ಶಿಫಾರಸು ಪತ್ರವನ್ನು ನಾನು ಈ ಸಾಲಿನಲ್ಲಿಟ್ಟು ನೋಡುತ್ತೇನೆ. ಅದೊಂದು ಸಾಕ್ಷ್ಯ. ಸಾಕ್ಷಿಗೆ ಇಲ್ಲದ ಇನ್ನೊಂದು ಭಾರವೂ ಅದನ್ನು ಬರೆಯುವವರ ಮೇಲಿದೆ: ಸಾಲಕ್ಕೆ ಜಾಮೀನು ನಿಂತವನ ಹಾಗೆ, ಮಾತು ಸುಳ್ಳಾದರೆ ತನ್ನ ಹೆಸರನ್ನೇ ತೆರಬೇಕಾಗುತ್ತದೆ.

ಈಗ ಮದರಾಸಿಗೆ ಬರೋಣ. ಶ್ರೀನಿವಾಸ ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22ರಂದು ಈರೋಡಿನಲ್ಲಿ, ಬೆಳೆದದ್ದು ಕುಂಭಕೋಣದಲ್ಲಿ. ಅವರ ಕಥೆಯನ್ನು ನಾವು ಮಕ್ಕಳಿಗೆ ಹೇಳುವಾಗ ಎರಡೇ ಪಾತ್ರಗಳಿರುತ್ತವೆ: ಬಡ ಗುಮಾಸ್ತ, ಮತ್ತು ಅವನ ಪತ್ರ ಓದಿ ಬೆರಗಾದ ಕೇಂಬ್ರಿಜ್ಜಿನ ಗಣಿತಜ್ಞ ಹಾರ್ಡಿ. ನಡುವೆ ಇದ್ದವರೆಲ್ಲ ಬಿಟ್ಟುಹೋಗುತ್ತಾರೆ. ನನ್ನ ವಿಷಯಕ್ಕೆ ಮುಖ್ಯರಾದವರು ಆ ನಡುವಿನವರು.

ಪರೀಕ್ಷೆಗಳು ರಾಮಾನುಜನ್ ಬಗ್ಗೆ ಹೇಳಿದ್ದೇನು ಎಂಬುದನ್ನು ಮೊದಲು ನೋಡಬೇಕು. ಶಾಲೆಯಲ್ಲಿ ಗಣಿತಕ್ಕೆ ಬಹುಮಾನ ಪಡೆದು, ವಿದ್ಯಾರ್ಥಿವೇತನದೊಂದಿಗೆ 1904ರಲ್ಲಿ ಕುಂಭಕೋಣದ ಸರ್ಕಾರಿ ಕಾಲೇಜು ಸೇರಿದ ಹುಡುಗ ಗಣಿತದ ಹೊರತು ಬೇರೇನನ್ನೂ ಓದಲಿಲ್ಲ, ವೇತನ ಕೈತಪ್ಪಿತು. ಆಮೇಲೆ ಮದರಾಸಿನ ಪಚ್ಚೈಯಪ್ಪ ಕಾಲೇಜು. ಪದವಿಗೆ ಮುಂಚಿನ ಎಫ್.ಎ. ಪರೀಕ್ಷೆಯಲ್ಲಿ ಅಲ್ಲಿಯೂ ನಪಾಸು, ಮತ್ತೆ ಖಾಸಗಿಯಾಗಿ ಕಟ್ಟಿದಾಗಲೂ ನಪಾಸು. 1909ರಲ್ಲಿ ಮದುವೆಯಾಯಿತು. ಕೈಯಲ್ಲಿ ಪದವಿಯಿಲ್ಲ, ಕೆಲಸವಿಲ್ಲ. ಇದ್ದದ್ದು ಸೂತ್ರಗಳನ್ನು ತುಂಬಿಸಿದ ನೋಟುಪುಸ್ತಕ ಮಾತ್ರ. ಕಚೇರಿಯ ಯಾವ ಅರ್ಜಿಯಲ್ಲೂ ಆ ಪುಸ್ತಕಕ್ಕೆ ಕಾಲಂ ಇರಲಿಲ್ಲ.

1910ರಲ್ಲಿ ಅವರು ತಿರುಕ್ಕೋಯಿಲೂರಿನ ಡೆಪ್ಯುಟಿ ಕಲೆಕ್ಟರ್ ವಿ. ರಾಮಸ್ವಾಮಿ ಅಯ್ಯರ್ ಅವರನ್ನು ಹುಡುಕಿಕೊಂಡು ಹೋದರು. ಕೇಳಿದ್ದು ಕಂದಾಯ ಕಚೇರಿಯಲ್ಲಿ ಒಂದು ಗುಮಾಸ್ತಿಕೆ. ರಾಮಸ್ವಾಮಿ ಅಯ್ಯರ್ ಬರೀ ಅಧಿಕಾರಿಯಾಗಿರಲಿಲ್ಲ; 1907ರಲ್ಲಿ ಭಾರತೀಯ ಗಣಿತ ಸಂಘವನ್ನು ಹುಟ್ಟುಹಾಕಿದ್ದವರು. ನೋಟುಪುಸ್ತಕ ತಿರುವಿಹಾಕಿದ ಅವರು ಕೆಲಸ ಕೊಡಲಿಲ್ಲ. ಇಂಥ ಪ್ರತಿಭೆಯನ್ನು ಕಂದಾಯ ಇಲಾಖೆಯ ಕೆಳಮೆಟ್ಟಿಲಲ್ಲಿ ಕೂರಿಸಿ ಉಸಿರುಗಟ್ಟಿಸಲು ಮನಸ್ಸಾಗಲಿಲ್ಲ ಎಂದು ಮುಂದೆ ಅವರು ನೆನೆಸಿಕೊಂಡಿದ್ದಾರೆ. ಕೆಲಸದ ಬದಲು ಮದರಾಸಿನ ಗಣಿತಜ್ಞರಿಗೆ ಪರಿಚಯ ಪತ್ರ ಕೊಟ್ಟು ಕಳಿಸಿದರು. ಈ ನಿರಾಕರಣೆಯ ಬೆಲೆಯನ್ನು ನಾವು ಸರಿಯಾಗಿ ತಿಳಿಯಬೇಕು. ಕೇಳಿದ್ದನ್ನು ಕೊಟ್ಟು ಕಳಿಸುವುದು ಸುಲಭ, ಪುಣ್ಯದ ಕೆಲಸ ಮಾಡಿದ ಸಮಾಧಾನವೂ ಸಿಗುತ್ತದೆ. ಎದುರಿಗಿರುವವನಿಗೆ ನಿಜವಾಗಿ ಏನು ಬೇಕು ಎಂದು ಅವನಿಗಿಂತ ಚೆನ್ನಾಗಿ ನೋಡಬಲ್ಲವನು ಮಾತ್ರ ಹೀಗೆ ಇಲ್ಲ ಎನ್ನಬಲ್ಲ.

ಮದರಾಸಿನಲ್ಲಿ ಪಿ.ವಿ. ಶೇಷು ಅಯ್ಯರ್ ಸಿಕ್ಕಿದರು. ಕುಂಭಕೋಣದಲ್ಲಿ ರಾಮಾನುಜನ್‌ಗೆ ಪಾಠ ಹೇಳಿದ್ದವರೇ. ಅವರು ನೆಲ್ಲೂರಿನ ಕಲೆಕ್ಟರ್, ದಿವಾನ್ ಬಹದ್ದೂರ್ ಆರ್. ರಾಮಚಂದ್ರ ರಾವ್ ಅವರಿಗೆ ಪತ್ರ ಬರೆದುಕೊಟ್ಟರು. ರಾವ್ ಕೂಡ ಗಣಿತ ಬಲ್ಲವರು, ಸಂಘದ ಕಾರ್ಯದರ್ಶಿ. ಪತ್ರ ಬಂದ ಮಾತ್ರಕ್ಕೆ ಅವರು ನಂಬಲಿಲ್ಲ. ಈ ಹುಡುಗ ಹೇಳುತ್ತಿರುವುದರಲ್ಲಿ ಹುರುಳಿದೆಯೋ, ಅಥವಾ ಎಲ್ಲಿಂದಲೋ ಬರೆದುಕೊಂಡು ಬಂದದ್ದೋ ಎಂಬ ಸಂಶಯ ಮೊದಲ ಭೇಟಿಗಳಲ್ಲಿ ಅವರನ್ನು ಬಿಡಲಿಲ್ಲ. ಮತ್ತೆ ಮತ್ತೆ ಕರೆಸಿ, ಸುಲಭದ ಫಲಿತಾಂಶಗಳಿಂದ ಶುರುಮಾಡಿ ಮೇಲಿನದಕ್ಕೆ ಏರುತ್ತ ಹೋದ ಮೇಲೆ ಸಂಶಯ ಕರಗಿತು. ಏನು ಬೇಕು ಎಂದು ಕೇಳಿದರು. ಊಟದ ಚಿಂತೆ ಇಲ್ಲದೆ ಗಣಿತ ಮಾಡುವಷ್ಟು ಬಿಡುವು ಬೇಕು ಎಂಬುದು ಉತ್ತರ. ರಾವ್ ತಿಂಗಳಿಗೆ 25 ರೂಪಾಯಿ ತಮ್ಮ ಕೈಯಿಂದಲೇ ಕಳಿಸಲು ತೊಡಗಿದರು. ಶಿಫಾರಸನ್ನು ಸ್ವೀಕರಿಸುವವನ ಕರ್ತವ್ಯ ಹೇಗಿರಬೇಕೆಂದು ನನ್ನನ್ನು ಕೇಳಿದರೆ ಈ ಭೇಟಿಗಳನ್ನೇ ತೋರಿಸುತ್ತೇನೆ. ಪತ್ರ ಬಾಗಿಲು ತೆರೆಸಿತು. ಒಳಗೆ ಕೂರಿಸಿ ಪರೀಕ್ಷಿಸುವ ಕೆಲಸವನ್ನು ರಾವ್ ಪತ್ರಕ್ಕೆ ಬಿಟ್ಟುಕೊಡಲಿಲ್ಲ.

ಇದೇ ಕಾಲದಲ್ಲಿ ನಮ್ಮ ಬೆಂಗಳೂರೂ ಈ ಕಥೆಯೊಳಗೆ ಬರುತ್ತದೆ, ಮತ್ತು ಈ ಸಂಗತಿ ನಮ್ಮಲ್ಲಿ ಸಾಕಷ್ಟು ಜನಕ್ಕೆ ತಿಳಿದಿಲ್ಲ ಎಂಬುದು ನನ್ನ ಕೊರಗು. ಗಣಿತ ಸಂಘದ ಪತ್ರಿಕೆಯ ಸಂಪಾದಕರು ಸೆಂಟ್ರಲ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಎಂ.ಟಿ. ನಾರಾಯಣ ಅಯ್ಯಂಗಾರ್. ಬರ್ನೂಲಿ ಸಂಖ್ಯೆಗಳನ್ನು ಕುರಿತ ರಾಮಾನುಜನ್ ಅವರ ಮೊದಲ ಲೇಖನ 1911ರಲ್ಲಿ ಅಚ್ಚಾದದ್ದು ಆ ಪತ್ರಿಕೆಯಲ್ಲೇ. ಲೇಖಕನ ವಿಧಾನಗಳು ಅಡಕ, ಹೊಸವು. ಬರವಣಿಗೆಯಲ್ಲಿ ಸ್ಪಷ್ಟತೆ ಇಲ್ಲ. ಸಾಮಾನ್ಯ ಓದುಗ ಹಿಂಬಾಲಿಸುವುದೇ ಕಷ್ಟ. ಹಸ್ತಪ್ರತಿ ಮದರಾಸಿಗೂ ಬೆಂಗಳೂರಿಗೂ ಹಲವು ಬಾರಿ ಓಡಾಡಿತು, ತಿದ್ದುಪಡಿಯಾಗಿ ಕೊನೆಗೆ ಅಚ್ಚಿಗೆ ಹೋಯಿತು. ಅಯ್ಯಂಗಾರ್ಯರು ಯಾರಿಗೂ ಶಿಫಾರಸು ಪತ್ರ ಬರೆಯಲಿಲ್ಲ. ಪದವಿಯಿಲ್ಲದ ಒಬ್ಬ ಅಪರಿಚಿತನ ಬರಹ ಓದಲು ಕಷ್ಟವಾಗಿದೆ ಎಂಬ ಕಾರಣಕ್ಕೆ ಅದನ್ನು ಮೂಲೆಗೆ ಸೇರಿಸಲೂ ಇಲ್ಲ. ಇನ್ನೊಬ್ಬನ ಕೆಲಸಕ್ಕಾಗಿ ಕೂತು ಮಾಡಿದ ಈ ದುಡಿಮೆಯನ್ನು ನಾನು ದೊಡ್ಡ ಶಿಫಾರಸುಗಳಲ್ಲಿ ಸೇರಿಸುತ್ತೇನೆ. ಅಚ್ಚಾದ ಹಾಳೆಗಳು ಕೈಗೆ ಬಂದ ಮೇಲೆ ರಾಮಾನುಜನ್ ಪರವಾಗಿ ಮಾತಾಡುವವರ ದನಿ ಗಟ್ಟಿಯಾಯಿತು.

1912ರ ಫೆಬ್ರುವರಿಯಲ್ಲಿ ರಾಮಾನುಜನ್ ಮದರಾಸು ಬಂದರು ಟ್ರಸ್ಟಿಗೆ ಅರ್ಜಿ ಹಾಕಿದರು. ಜೊತೆಗಿದ್ದದ್ದು ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರಾಧ್ಯಾಪಕ ಇ.ಡಬ್ಲ್ಯು. ಮಿಡ್ಲ್‌ಮಾಸ್ಟ್ ಅವರ ಪ್ರಶಂಸಾಪತ್ರ. ಕೆಲವೇ ಸಾಲು. ಈ ಯುವಕನಿಗೆ ಗಣಿತದಲ್ಲಿ, ಅದರಲ್ಲೂ ಸಂಖ್ಯೆಗಳ ವಿಷಯದಲ್ಲಿ ಅಸಾಧಾರಣ ಶಕ್ತಿ ಇದೆ. ಲೆಕ್ಕಾಚಾರ ಸ್ವಭಾವಸಿದ್ಧ, ಅಂಕಿಗಳಲ್ಲಿ ಕೈ ಚುರುಕು ಎಂಬುದು ಅದರ ಸಾರ. ಮೇಲ್ನೋಟಕ್ಕೆ ಇದು ರಾಮಾನುಜನ್‌ಗೆ ಮಾಡಿದ ಅನ್ಯಾಯ ಎನ್ನಿಸಬಹುದು. ಅನಂತ ಶ್ರೇಢಿಗಳ ಆಳಕ್ಕಿಳಿದವನನ್ನು ಕೂಡುವ ಕಳೆಯುವ ಚುರುಕಿಗಾಗಿ ಹೊಗಳುವುದೇ ಎಂದು. ಆದರೆ ಪತ್ರ ಹೋಗುತ್ತಿದ್ದದ್ದು ಲೆಕ್ಕಪತ್ರ ವಿಭಾಗಕ್ಕೆ. ಅಲ್ಲಿಯ ಮುಖ್ಯಸ್ಥರಿಗೆ ತಿಳಿಯಬೇಕಾದ್ದು ಈತ ಲೆಕ್ಕ ಮಾಡಬಲ್ಲನೇ ಎಂಬುದು. ಮಿಡ್ಲ್‌ಮಾಸ್ಟ್ ಅದನ್ನು ಅರಿತು ಬರೆದರು, ದೊಡ್ಡ ಮಾತನ್ನು ಮೊದಲ ಸಾಲಿನಲ್ಲಿ ಹೇಳಿ ಬೇಕಾದ ಮಾತನ್ನು ಆಮೇಲೆ ಹೇಳಿದರು. ಮಾರ್ಚ್ 1ರಿಂದ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತಿಕೆ ಸಿಕ್ಕಿತು.

ಆ ಕಚೇರಿಯಲ್ಲಿ ಎಸ್. ನಾರಾಯಣ ಅಯ್ಯರ್ ಇದ್ದರು. ಅವರೂ ಗಣಿತ ಸಂಘದವರು, ಖಜಾಂಚಿ. ಸಂಜೆ ಮನೆಯಲ್ಲಿ ಇಬ್ಬರೂ ಸ್ಲೇಟು ಹಿಡಿದು ಕೂರುತ್ತಿದ್ದರು. ನಿನ್ನ ಎರಡು ಹೆಜ್ಜೆಗಳ ನಡುವೆ ನನ್ನಂಥವರಿಗೆ ತಿಳಿಯುವಂತೆ ಇನ್ನಷ್ಟು ಹೆಜ್ಜೆ ಬರೆ ಎಂದು ಅವರು ಒತ್ತಾಯಿಸುತ್ತಿದ್ದರಂತೆ. ಟ್ರಸ್ಟಿನ ಅಧ್ಯಕ್ಷ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಎಂಜಿನಿಯರ್. ತನ್ನ ಕಚೇರಿಯ ಕೆಳದರ್ಜೆಯ ಗುಮಾಸ್ತನ ಗಣಿತ ಅವರಿಗೆ ಅರ್ಥವಾಗುವಂಥದ್ದಲ್ಲ. ಅವರಿಗೆ ನಾರಾಯಣ ಅಯ್ಯರ್ ಮೇಲೆ ನಂಬಿಕೆ ಇತ್ತು. ಆ ನಂಬಿಕೆಯ ಮೇಲೆ ಅವರು ಓಡಾಡಿದರು. ಮದರಾಸಿನ ಎಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕ ಸಿ.ಎಲ್.ಟಿ. ಗ್ರಿಫಿತ್ 1912ರ ನವೆಂಬರ್‌ನಲ್ಲಿ ಲಂಡನ್ನಿನಲ್ಲಿದ್ದ ತಮ್ಮ ಗುರು ಎಂ.ಜೆ.ಎಂ. ಹಿಲ್ ಅವರಿಗೆ ರಾಮಾನುಜನ್ ಬಗ್ಗೆ ಪತ್ರ ಬರೆದರು. ಹಿಲ್ ಕಾಗದಗಳನ್ನು ಓದಿ ಉತ್ತರಿಸಿದರು. ಯುವಕನಿಗೆ ಗಣಿತದ ಅಭಿರುಚಿ ಇದೆ, ತಳಹದಿಯ ಶಿಕ್ಷಣ ಇಲ್ಲ. ಮೊತ್ತಕ್ಕೆ ನಿಲ್ಲದ ಅನಂತ ಶ್ರೇಢಿಗಳ ಗುಂಡಿಗೆ ಬಿದ್ದಿದ್ದಾನೆ. 1, 2, 3, 4 ಎಂದು ಕೊನೆಯಿಲ್ಲದೆ ಕೂಡುತ್ತ ಹೋದರೆ ಮೈನಸ್ 1/12 ಬರುತ್ತದೆ ಎಂದು ಬರೆದವನ ಬಗ್ಗೆ ಅವರು ಬೇರೇನು ಹೇಳಲು ಸಾಧ್ಯವಿತ್ತು? ಆ ಸಮೀಕರಣಕ್ಕೆ ಸರಿಯಾದ ಅರ್ಥ ಇದೆಯೆಂಬುದು ಹಿಲ್‌ಗೆ ಕಾಣಲಿಲ್ಲ. ಹಾಗಿದ್ದೂ ಅವರ ಪತ್ರವನ್ನು ನಾನು ಗೌರವದಿಂದ ಓದುತ್ತೇನೆ. ಹುಡುಗ ಓದಬೇಕಾದ ಪುಸ್ತಕ ಯಾವುದೆಂದು ಹೇಳಿದರು, ಕೊರತೆ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿದರು. ಕಾಗದ ಓದದೆಯೇ ಬರೆಯಬಹುದಾಗಿದ್ದ ಹೊಗಳಿಕೆಗಿಂತ ಇದು ರಾಮಾನುಜನ್‌ಗೆ ಹೆಚ್ಚು ಉಪಯೋಗಕ್ಕೆ ಬಂತು.

1913ರ ಜನವರಿ 16ರಂದು ಹಾರ್ಡಿಗೆ ಬರೆದ ಪ್ರಸಿದ್ಧ ಪತ್ರದ ವಿಶೇಷ ಇಲ್ಲಿದೆ: ಆ ಪತ್ರದ ಬಲ ನಿಂತದ್ದು ಯಾರ ಹೊಗಳಿಕೆಯ ಮೇಲೂ ಅಲ್ಲ. ಬಂದರು ಟ್ರಸ್ಟಿನಲ್ಲಿ ವರ್ಷಕ್ಕೆ 20 ಪೌಂಡಿನ ಗುಮಾಸ್ತ ನಾನು, ವಿಶ್ವವಿದ್ಯಾಲಯದ ಶಿಕ್ಷಣ ಇಲ್ಲ ಎಂದು ಹೇಳಿಕೊಂಡು, ಪುಟಗಟ್ಟಲೆ ಪ್ರಮೇಯಗಳನ್ನು ಜೋಡಿಸಿ ಕಳಿಸಿದರು. ಅದಕ್ಕೆ ಮೊದಲು ಎಚ್.ಎಫ್. ಬೇಕರ್ ಮತ್ತು ಇ.ಡಬ್ಲ್ಯು. ಹಾಬ್ಸನ್ ಎಂಬ ಇಬ್ಬರು ಕೇಂಬ್ರಿಜ್ ಗಣಿತಜ್ಞರಿಗೂ ಬರೆದಿದ್ದರು, ನೆರವು ಸಿಗಲಿಲ್ಲ. ಹಾರ್ಡಿ ತಮ್ಮ ಜೊತೆಗಾರ ಗಣಿತಜ್ಞ ಲಿಟಲ್‌ವುಡ್ ಜೊತೆ ಕೂತು ಆ ಪುಟಗಳನ್ನು ಪರಿಶೀಲಿಸಿದರು, ಫೆಬ್ರುವರಿ 8ರಂದು ಉತ್ತರಿಸಿ ಸಾಧನೆಗಳನ್ನು, ಎಂದರೆ ಪ್ರೂಫುಗಳನ್ನು, ಕೇಳಿದರು. ಅದಕ್ಕೆ ರಾಮಾನುಜನ್ ಫೆಬ್ರುವರಿ 27ರಂದು ಬರೆದ ಮರುಪತ್ರ ಓದಿದರೆ ಇವತ್ತಿಗೂ ಕರುಳು ಹಿಂಡುತ್ತದೆ. ನಾನು ಅರೆಹೊಟ್ಟೆಯಲ್ಲಿರುವವನು, ಮಿದುಳು ಉಳಿಯಬೇಕಾದರೆ ಅನ್ನ ಬೇಕು, ತಾವು ಸಹಾನುಭೂತಿಯ ಒಂದು ಪತ್ರ ಬರೆದರೆ ಇಲ್ಲಿ ವಿಶ್ವವಿದ್ಯಾಲಯದಿಂದಲೋ ಸರ್ಕಾರದಿಂದಲೋ ವಿದ್ಯಾರ್ಥಿವೇತನ ಪಡೆಯಲು ನೆರವಾಗುತ್ತದೆ ಎಂಬುದು ಅದರ ಬೇಡಿಕೆ. ಜಗತ್ತಿನ ದೊಡ್ಡ ಗಣಿತಜ್ಞರಲ್ಲೊಬ್ಬರಾಗಲಿದ್ದವರು ಆ ದಿನ ಕೇಳಿದ್ದು ಒಂದು ಶಿಫಾರಸು ಪತ್ರವನ್ನು. ಅದನ್ನು ಕೇಳುವುದರಲ್ಲಿ ಅವಮಾನವಿಲ್ಲ ಎಂದು ನನ್ನ ಎದುರಿಗಿರುವ ವಿದ್ಯಾರ್ಥಿಗಳಿಗೆ ಒತ್ತಿ ಹೇಳಬಯಸುತ್ತೇನೆ.

ಆ ಮರುಪತ್ರ ಅಂಚೆಗೆ ಬೀಳುವ ಮುನ್ನಾದಿನ, ಫೆಬ್ರುವರಿ 26ರಂದು, ಮದರಾಸಿನಲ್ಲಿ ಇನ್ನೊಂದು ಪತ್ರ ಬರೆಯಲಾಗಿತ್ತು. ನಾನು ಬಲ್ಲ ಶಿಫಾರಸು ಪತ್ರಗಳಲ್ಲಿ ಅದಕ್ಕೆ ಮೊದಲ ಸ್ಥಾನ ಕೊಡುತ್ತೇನೆ. ಬರೆದವರು ಗಿಲ್ಬರ್ಟ್ ವಾಕರ್. ಮುಂಗಾರಿನ ಮುನ್ಸೂಚನೆಗಾಗಿ ದುಡಿದ, ಹವಾಮಾನ ವಿಜ್ಞಾನದಲ್ಲಿ ಇಂದಿಗೂ ಹೆಸರು ನಿಂತಿರುವ ವಾಕರ್ ಆಗ ಭಾರತದ ವೀಕ್ಷಣಾಲಯಗಳ ಮಹಾನಿರ್ದೇಶಕರು. ಹಿಂದೆ ಕೇಂಬ್ರಿಜ್ಜಿನ ಗಣಿತ ಪರೀಕ್ಷೆಯಲ್ಲಿ ಮೊದಲಿಗರಾಗಿ, ಟ್ರಿನಿಟಿ ಕಾಲೇಜಿನ ಫೆಲೋ ಆಗಿದ್ದವರು. ಮದರಾಸಿಗೆ ಬಂದಿದ್ದಾಗ ರಾಮಾನುಜನ್ ಅವರ ಕೆಲಸವನ್ನು ಅವರಿಗೆ ತೋರಿಸಲಾಯಿತು. ಮರುದಿನವೇ ವಿಶ್ವವಿದ್ಯಾಲಯದ ರಿಜಿಸ್ಟ್ರಾರರಿಗೆ ಬರೆದರು. ಈ ಕೆಲಸದ ಸ್ವಂತಿಕೆ ಕೇಂಬ್ರಿಜ್ ಕಾಲೇಜೊಂದರ ಗಣಿತ ಫೆಲೋ ಒಬ್ಬರ ಕೆಲಸಕ್ಕೆ ಹೋಲಿಸುವಂಥದ್ದು ಎಂದರು. ಅದೇ ಉಸಿರಿನಲ್ಲಿ, ಫಲಿತಾಂಶಗಳನ್ನು ಎಲ್ಲರೂ ಒಪ್ಪಲು ಬೇಕಾದ ಪೂರ್ಣತೆ, ನಿಖರತೆ ಇನ್ನೂ ಇಲ್ಲ, ಪರಿಸ್ಥಿತಿ ನೋಡಿದರೆ ಅದು ಸಹಜ ಎಂದರು. ಈತ ಕೆಲಸ ಮಾಡಿರುವ ಶುದ್ಧ ಗಣಿತದ ಶಾಖೆಗಳು ನನ್ನ ವಿಶೇಷ ಅಧ್ಯಯನದವಲ್ಲ, ಆದ್ದರಿಂದ ಈತನ ಸಾಮರ್ಥ್ಯವನ್ನು ನಾನು ಖಚಿತವಾಗಿ ಅಳೆಯಲಾರೆ, ಅದು ಯುರೋಪಿನಲ್ಲಿ ಹೆಸರು ತರುವಷ್ಟು ದೊಡ್ಡದಿರಲೂಬಹುದು ಎಂದರು. ಕೊನೆಗೆ ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳಿದ್ದು: ಕೆಲವು ವರ್ಷವಾದರೂ ಹೊಟ್ಟೆಪಾಡಿನ ಚಿಂತೆ ಇಲ್ಲದೆ ಈತ ಗಣಿತಕ್ಕೆ ಪೂರ್ತಿ ಸಮಯ ಕೊಡುವಂತೆ ವಿಶ್ವವಿದ್ಯಾಲಯ ಏರ್ಪಾಡು ಮಾಡುವುದು ನ್ಯಾಯ.

ವಾತ್ಸ್ಯಾಯನನ ಆಪ್ತ ಇಲ್ಲಿ ಕಾಣಿಸಿಕೊಂಡಿದ್ದಾನೆ. ಕಂಡದ್ದನ್ನು ಹೇಳಿದ, ಕಾಣದ್ದನ್ನು ಕಾಣಲಿಲ್ಲವೆಂದ, ತನ್ನ ಕಣ್ಣಿನ ಎಲ್ಲೆಯನ್ನು ತಾನೇ ಗುರುತಿಸಿದ. ಎಲ್ಲವನ್ನೂ ಹೊಗಳಿದ್ದರೆ ರಿಜಿಸ್ಟ್ರಾರರು ಅದನ್ನು ಇನ್ನೊಂದು ಪತ್ರವೆಂದು ಕಡತಕ್ಕೆ ಸೇರಿಸಿಬಿಡುತ್ತಿದ್ದರೇನೋ. ಇದು ನನಗೆ ಗೊತ್ತಿಲ್ಲ ಎಂದು ಧೈರ್ಯವಾಗಿ ಹೇಳಿದವನು ಇದು ನನಗೆ ಗೊತ್ತು ಎಂದಾಗ ಆ ಮಾತಿಗೆ ತೂಕ ಬಂತು. ಮಾರ್ಚ್ 19ರಂದು ಗಣಿತದ ಅಧ್ಯಯನ ಮಂಡಳಿ ಸೇರಿತು. ಸಂಶೋಧನಾ ವೇತನಕ್ಕೆ ಸ್ನಾತಕೋತ್ತರ ಪದವಿ ಬೇಕೆಂಬ ನಿಯಮ ಎದುರಿಗಿತ್ತು, ಇವರಿಗೋ ಎಫ್.ಎ. ಕೂಡ ಇಲ್ಲ. ಏಪ್ರಿಲ್‌ನಲ್ಲಿ ಸಿಂಡಿಕೇಟು ಆ ನಿಯಮವನ್ನು ದಾಟಿ ತಿಂಗಳಿಗೆ 75 ರೂಪಾಯಿಯ ವೇತನವನ್ನು ಎರಡು ವರ್ಷಕ್ಕೆ ಮಂಜೂರು ಮಾಡಿತು. ಬಂದರು ಟ್ರಸ್ಟು ರಜೆ ಕೊಟ್ಟಿತು. ಮೂರು ತಿಂಗಳಿಗೊಮ್ಮೆ ಕೆಲಸದ ವರದಿ ಒಪ್ಪಿಸಬೇಕೆಂಬ ಷರತ್ತೂ ಇತ್ತು, ಅದು ಸರಿಯಾದ ಷರತ್ತು. ಶಿಫಾರಸಿನ ಮೇಲೆ ಕೊಟ್ಟದ್ದಕ್ಕೂ ಲೆಕ್ಕ ಒಪ್ಪಿಸಬೇಕು.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. 1914ರ ಜನವರಿಯಲ್ಲಿ ಕೇಂಬ್ರಿಜ್ಜಿನ ತರುಣ ಗಣಿತಜ್ಞ ಇ.ಎಚ್. ನೆವಿಲ್ ಮದರಾಸಿಗೆ ಉಪನ್ಯಾಸಕ್ಕೆ ಬಂದರು. ನೋಟುಪುಸ್ತಕ ನೋಡಿ 28ರಂದು ರಿಜಿಸ್ಟ್ರಾರರಿಗೆ ಬರೆದರು. ವಾಕರ್ ತಡೆದು ನಿಂತ ಕಡೆ ನೆವಿಲ್ ಮುಂದೆ ಹೋದರು, ಏಕೆಂದರೆ ಅವರು ನೋಡಬಲ್ಲವರಾಗಿದ್ದರು. ಈ ಹೆಸರು ಗಣಿತದ ಚರಿತ್ರೆಯಲ್ಲಿ ಹಿರಿಯ ಹೆಸರುಗಳಲ್ಲಿ ಒಂದಾಗಲಿದೆ, ಅದಕ್ಕೆ ನೆರವಾದೆನೆಂದು ಮದರಾಸು ನಗರ ಹೆಮ್ಮೆಪಡಲಿದೆ ಎಂದು ಬರೆದರು. ಸ್ಪ್ರಿಂಗ್ ಗವರ್ನರರ ಕಚೇರಿಗೆ ಬರೆದರು. ವರ್ಷಕ್ಕೆ 250 ಪೌಂಡು ಮಂಜೂರಾಯಿತು, ಮಾರ್ಚ್ 17ರಂದು ಹಡಗು ಹೊರಟಿತು. 1917ರ ಕೊನೆಯಲ್ಲಿ ರಾಯಲ್ ಸೊಸೈಟಿಗೆ ರಾಮಾನುಜನ್ ಹೆಸರನ್ನು ಸೂಚಿಸಿದ ಪ್ರಮಾಣಪತ್ರದ ಕೆಳಗೆ ಹಾರ್ಡಿ, ಲಿಟಲ್‌ವುಡ್ ಮೊದಲಾದವರ ಸಹಿಗಳ ಜೊತೆ ಬೇಕರ್ ಮತ್ತು ಹಾಬ್ಸನ್ ಸಹಿಯೂ ಇದೆ. ಆ ಎರಡು ಸಹಿಗಳನ್ನು ಕಂಡಾಗ ನನಗೆ ಸಂತೋಷವಾಗುತ್ತದೆ. ಒಮ್ಮೆ ಕಾಣದ್ದನ್ನು ಕೆಲಸ ಕಣ್ಣೆದುರು ಬಂದಾಗ ಕಂಡೆವೆಂದು ಒಪ್ಪಿ ಹೆಸರು ಹಾಕುವುದೂ ಪ್ರಾಮಾಣಿಕತೆಯೇ.

ಈ ಕಥೆಯನ್ನು ಹೇಳಿ ಇಲ್ಲಿಗೇ ನಿಲ್ಲಿಸಿದರೆ ಒಂದು ಕಡೆಯನ್ನು ಮುಚ್ಚಿಟ್ಟಂತಾಗುತ್ತದೆ. ರಾಮಸ್ವಾಮಿ ಅಯ್ಯರ್, ಶೇಷು ಅಯ್ಯರ್, ರಾಮಚಂದ್ರ ರಾವ್, ನಾರಾಯಣ ಅಯ್ಯರ್ ಎಂಬ ಹೆಸರುಗಳನ್ನು ಸಾಲಾಗಿ ಓದಿ ನೋಡಿ. ಬಡವರಾದರೂ ರಾಮಾನುಜನ್ ಬ್ರಾಹ್ಮಣರು. ಇಂಗ್ಲಿಷ್ ಕಲಿತು ಸರ್ಕಾರದ ಕುರ್ಚಿಗಳಲ್ಲಿದ್ದ ಸಜಾತೀಯರ ಬಾಗಿಲುಗಳು ಅವರು ನಡೆದುಹೋಗುವಷ್ಟು ಹತ್ತಿರವಿದ್ದವು. ಅದೇ ಕಾಲದಲ್ಲಿ ಅದೇ ತಂಜಾವೂರು ಜಿಲ್ಲೆಯ ಗದ್ದೆಗಳಲ್ಲಿ ದುಡಿಯುತ್ತಿದ್ದ ಮನೆಗಳ ಮಕ್ಕಳಿಗೆ ಯಾವ ಡೆಪ್ಯುಟಿ ಕಲೆಕ್ಟರರ ಬಾಗಿಲು ತೆರೆಯುತ್ತಿತ್ತು? ಶಾಲೆಯ ಬಾಗಿಲೇ ತೆರೆದಿರಲಿಲ್ಲ. ಶಿಫಾರಸು ಬಲ್ಲವರ ಮಾತು ಎಂದೆ. ಯಾರು ಯಾರನ್ನು ಬಲ್ಲರು ಎಂಬುದನ್ನು ನಮ್ಮ ನಾಡಿನಲ್ಲಿ ಜಾತಿ, ಊರು, ಭಾಷೆ, ಹಣ ಬಹಳ ಮಟ್ಟಿಗೆ ಮೊದಲೇ ನಿರ್ಧರಿಸಿಬಿಟ್ಟಿರುತ್ತವೆ. ಈ ಕಾರಣಕ್ಕೇ ಸಾರ್ವಜನಿಕ ಪರೀಕ್ಷೆ ಮತ್ತು ಮೀಸಲಾತಿ ನಮಗೆ ಬೇಕಾದವು. 2016ರ ಜನವರಿ 1ರಿಂದ ಕೇಂದ್ರ ಸರ್ಕಾರ ಗ್ರೂಪ್ ‘ಸಿ’ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ‘ಬಿ’ ಹುದ್ದೆಗಳಿಗೆ ಸಂದರ್ಶನ ಕೈಬಿಟ್ಟಾಗ ನಾನು ಅದನ್ನು ಸ್ವಾಗತಿಸಿದೆ. ಹೆಸರು ಕೇಳಿ ಊರು ಕೇಳಿ ಅಂಕ ಕೊಡುವ ಕೋಣೆಯೊಂದು ಮುಚ್ಚಿತು.

ಆದರೂ ಪರೀಕ್ಷೆಯೊಂದೇ ಸಾಕು ಎನ್ನಲು ನನ್ನಿಂದಾಗುವುದಿಲ್ಲ. ರಾಮಾನುಜನ್ ಅವರನ್ನು ಕೈಬಿಟ್ಟದ್ದು ಪರೀಕ್ಷೆ. ಅಂಕಪಟ್ಟಿಗೆ ಕಾಣದ ಎಷ್ಟೋ ಗುಣಗಳಿವೆ: ಹಟ ಹಿಡಿದು ಒಂದು ಸಮಸ್ಯೆಯ ಬೆನ್ನು ಹತ್ತುವುದು, ತಂದೆಯ ಕಾಯಿಲೆಯ ನಡುವೆಯೂ ಪ್ರಯೋಗಾಲಯ ತಪ್ಪಿಸದಿರುವುದು, ತಪ್ಪನ್ನು ತಾನೇ ಕಂಡುಹಿಡಿದು ತಿದ್ದಿಕೊಳ್ಳುವುದು. ಇವನ್ನು ಹತ್ತಿರದಿಂದ ಕಂಡವರೊಬ್ಬರು ಹೇಳಬೇಕು. ಅಧಿಕಾರಿಗಳ, ಲಾಯರುಗಳ ಮಕ್ಕಳಿಗೆ ಹೇಳುವವರು ಮನೆಯಲ್ಲೇ ಇರುತ್ತಾರೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಗೆ ಹೇಳಬಲ್ಲ ವಯಸ್ಕರು ಪ್ರಪಂಚದಲ್ಲಿ ಇರುವುದು ಒಬ್ಬರೋ ಇಬ್ಬರೋ, ಅವರು ಈ ಕಾಲೇಜಿನ ಅಧ್ಯಾಪಕರು. ಆದ್ದರಿಂದ ಉಳಿದ ನನ್ನ ಮಾತು ಅಧ್ಯಾಪಕ ಮಿತ್ರರಿಗೆ.

ಇವತ್ತು ವಿದ್ಯಾರ್ಥಿಗಳು ಶಿಫಾರಸು ಪತ್ರವನ್ನು ಎಲ್‌ಓಆರ್ ಎನ್ನುತ್ತಾರೆ. ಹೊರದೇಶದ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಎರಡು ಮೂರು ಪತ್ರ ಕೇಳುತ್ತವೆ. ನಮ್ಮ ಕಾಲೇಜುಗಳಲ್ಲಿ ಬೇರೂರಿರುವ ಪದ್ಧತಿ ನಿಮಗೆಲ್ಲ ಗೊತ್ತು: ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ. ವಿದ್ಯಾರ್ಥಿ ಎಲ್ಲಿಂದಲೋ ಒಂದು ಮಾದರಿ ತರುತ್ತಾನೆ. ಶ್ರಮಜೀವಿ, ಶಿಸ್ತಿನವನು, ನಾಯಕತ್ವದ ಗುಣವುಳ್ಳವನು. ಇಡೀ ತರಗತಿ ಅದೇ ಪತ್ರದಲ್ಲಿ ಹೊರಡುತ್ತದೆ. ಇದು ಸಣ್ಣ ಅನುಕೂಲದ ಮಾತಲ್ಲ. ಕಂಡವರ ಹೆಸರಿನಲ್ಲಿ ಕಾಣದ ಮಾತು ಹೋಗುತ್ತಿದೆ, ಸಾಕ್ಷ್ಯವೇ ಸುಳ್ಳಾಗುತ್ತಿದೆ. ಇದರ ನಷ್ಟ ಬೀಳುವುದು ನಿಜವಾಗಿ ಯೋಗ್ಯರಾದವರ ಮೇಲೆ. ಒಂದು ಕಾಲೇಜಿನಿಂದ ಬರುವ ಪತ್ರಗಳೆಲ್ಲ ಒಂದೇ ರೀತಿ ಇದ್ದರೆ, ಆ ಕಾಲೇಜಿನ ಮುಂದಿನ ರಾಮಾನುಜನ್ ಬಗ್ಗೆ ಬರೆದ ಪತ್ರವನ್ನೂ ಯಾರೂ ನಂಬುವುದಿಲ್ಲ.

ಸರಕಿನ ವಿಷಯದಲ್ಲಿ ನಮ್ಮ ಕಾನೂನು ಈ ಹೊಣೆಯನ್ನು ಗುರುತಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದಾರಿತಪ್ಪಿಸುವ ಜಾಹೀರಾತಿನಲ್ಲಿ ಸರಕನ್ನು ಮೆಚ್ಚಿ ಮಾತಾಡಿದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಮಾತಾಡುವ ಮೊದಲು ನಿಜವೇ ಎಂದು ತಕ್ಕಮಟ್ಟಿಗೆ ವಿಚಾರಿಸಿಕೊಂಡಿದ್ದವರು ಪಾರಾಗುತ್ತಾರೆ. ಸಾಬೂನಿನ ಬಗ್ಗೆ ಹೇಳುವಾಗ ಬೇಕಾದ ಎಚ್ಚರ ಮನುಷ್ಯರ ಬಗ್ಗೆ ಹೇಳುವಾಗ ಬೇಡವೇ?

ಒಳ್ಳೆಯ ಪತ್ರಕ್ಕೆ ದೊಡ್ಡ ಭಾಷೆ ಬೇಕಿಲ್ಲ. ಈ ವಿದ್ಯಾರ್ಥಿಯನ್ನು ನಾನು ಎಷ್ಟು ಕಾಲದಿಂದ, ಯಾವ ಸಂಬಂಧದಲ್ಲಿ ಬಲ್ಲೆ ಎಂದು ಮೊದಲು ಹೇಳಿ. ಕಣ್ಣಾರೆ ಕಂಡ ಒಂದು ಘಟನೆ ಬರೆಯಿರಿ. ವಿಶೇಷಣಗಳ ಸಾಲಿಗಿಂತ ಅದು ಹೆಚ್ಚು ಹೇಳುತ್ತದೆ. ಮಿಡ್ಲ್‌ಮಾಸ್ಟ್ ಮಾಡಿದಂತೆ, ಓದುವವರಿಗೆ ಏನು ತಿಳಿಯಬೇಕಿದೆ ಎಂದು ಯೋಚಿಸಿ. ಇಂಗ್ಲಿಷ್ ಮಾತಿನಲ್ಲಿ ಈಕೆ ಹಿಂದಿದ್ದಾಳೆ, ಕನ್ನಡ ಮಾಧ್ಯಮದಿಂದ ಬಂದವಳು, ಎರಡು ವರ್ಷದಲ್ಲಿ ಇಷ್ಟು ದೂರ ಬಂದಿದ್ದಾಳೆ ಎಂದು ಬರೆಯಲು ಹಿಂಜರಿಯಬೇಡಿ. ಆ ಕೊರತೆಯ ಜೊತೆಯಲ್ಲೇ ಅವಳು ನಡೆದ ದೂರವೂ ಓದುವವರಿಗೆ ಕಾಣುತ್ತದೆ. ನಿಮಗೆ ಗೊತ್ತಿಲ್ಲದ ವಿಷಯವನ್ನು ಗೊತ್ತಿಲ್ಲವೆನ್ನಿ. ವಿದ್ಯಾರ್ಥಿಯನ್ನು ನೀವು ಬಲ್ಲದಿದ್ದರೆ ಅಥವಾ ಮನಸ್ಸು ಒಪ್ಪದಿದ್ದರೆ, ಪ್ರೀತಿಯಿಂದಲೇ ಆಗದು ಎಂದು ಹೇಳಿ, ಅವರನ್ನು ಹೆಚ್ಚು ಬಲ್ಲ ಇನ್ನೊಬ್ಬ ಅಧ್ಯಾಪಕರ ಬಳಿ ಕಳಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಕೇಳಲು ಬಂದವರಿಗೆ ಮಾತ್ರ ಬರೆಯುತ್ತ ಕೂರಬೇಡಿ. ಕೇಳುವ ಧೈರ್ಯವಿರುವವರು ಸಾಮಾನ್ಯವಾಗಿ ಕೇಳುವುದನ್ನು ಮನೆಯಲ್ಲಿ ಕಲಿತವರು. ಹಿಂದಿನ ಬೆಂಚಿನಲ್ಲಿ ಕೂತು, ಹೀಗೊಂದು ಪತ್ರ ಕೇಳಬಹುದೆಂಬುದೇ ಗೊತ್ತಿಲ್ಲದವರನ್ನು ನೀವೇ ಕರೆಯಬೇಕು.

ಇಷ್ಟಕ್ಕೆಲ್ಲ ಸಮಯ ಎಲ್ಲಿದೆ ಎಂದು ನೀವು ಕೇಳಬಹುದು. ನ್ಯಾಕ್ ಕಡತ, ಮೌಲ್ಯಮಾಪನ, ಚುನಾವಣಾ ಕೆಲಸ, ಅತಿಥಿ ಉಪನ್ಯಾಸಕರಾದರೆ ಮುಂದಿನ ವರ್ಷದ ಕೆಲಸದ ಚಿಂತೆ, ಇವೆಲ್ಲ ನನಗೆ ಗೊತ್ತಿವೆ. ನಾನು ಕೇಳುತ್ತಿರುವುದು ಒಬ್ಬ ಅಧ್ಯಾಪಕರು ವರ್ಷಕ್ಕೆ ತಾವು ನಿಜವಾಗಿ ಬಲ್ಲ ಕೆಲವರ ಬಗ್ಗೆ, ಕೂತು ಯೋಚಿಸಿ, ಒಂದೊಂದು ಪುಟ ಬರೆಯಬೇಕೆಂದು. ಪ್ರಾಂಶುಪಾಲರಲ್ಲಿ ಒಂದು ಕೋರಿಕೆ: ಈ ಕೆಲಸವನ್ನು ಅಧ್ಯಾಪಕರ ಕಾರ್ಯಭಾರದಲ್ಲಿ ಲೆಕ್ಕಕ್ಕೆ ಹಿಡಿಯಿರಿ, ‘ನೀನೇ ಬರೆದುಕೊಂಡು ಬಾ’ ಎಂಬ ಪದ್ಧತಿ ಈ ಕಾಲೇಜಿನಲ್ಲಿ ಇರುವುದಿಲ್ಲ ಎಂದು ಸೂಚನಾ ಫಲಕದಲ್ಲಿ ಹಾಕಿಸಿ. ಈ ದತ್ತಿಯನ್ನು ಸ್ಥಾಪಿಸಿದ ಹಳೆಯ ವಿದ್ಯಾರ್ಥಿಗಳು ಇಲ್ಲಿ ಕೂತಿದ್ದೀರಿ. ನಿಮ್ಮ ಬಳಿ ನಿಮ್ಮ ಗುರುಗಳ ಪತ್ರಗಳು ಉಳಿದಿದ್ದರೆ ಅವುಗಳ ಪ್ರತಿಯನ್ನು ಗ್ರಂಥಾಲಯಕ್ಕೆ ಕೊಡಿ. ಹೊಸದಾಗಿ ಕೆಲಸಕ್ಕೆ ಸೇರುವ ಅಧ್ಯಾಪಕರು ಅವನ್ನು ಓದಿ, ಹೇಗೆ ಬರೆಯಬೇಕೆಂದು ಕಲಿಯಲಿ.